ಮುಚ್ಚಳ ತೆಗೆದರೆ ಕತ್ತಲು

ಕೈಗವಸಿನ ಬೆರಳಿಗೆ ಗೊಂಬೆ ಇನ್ನೂ ಅಂಟುತ್ತಿದೆ. ಮುಟ್ಟಿ ಬಿಟ್ಟಾಗಲೆಲ್ಲ ಚಿಟ್ಟೆಂದು ಸಣ್ಣ ಸದ್ದು. ಅಂಗೈ ಎತ್ತರದ ಅಂಬಾರಿ ಆನೆ ಅದು. ಈ ದಸರೆಯ ಗೊಂಬೆ ಸಾಲಿಗೆಂದು ನೀವೇ ಕಂಪ್ಯೂಟರಿನಲ್ಲಿ ರೂಪಿಸಿ, ರೆಸಿನ್ ಪ್ರಿಂಟರಿನಲ್ಲಿ ಪದರದ ಮೇಲೆ ಪದರವಾಗಿ ಎಬ್ಬಿಸಿದ್ದು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಈಗಷ್ಟೇ ತೊಳೆದಿದ್ದೀರಿ. ಅದರ ಚುರುಕು ವಾಸನೆ ಮೂಗಿನೊಳಗೆ ತಣ್ಣಗೆ ಇಳಿಯುತ್ತಿದೆ. ಹೊರಗೆ ಬೆಂಗಳೂರಿನ ಸೆಪ್ಟೆಂಬರ್ ಮಳೆ ಶೀಟಿನ ಮೇಲೆ ಬಡಿಯುತ್ತಿದೆ.

"ಏನದು ವಾಸನೆ? ಮೊದ್ಲು ಕಿಟಕಿ ತೆಗಿ!" ಅಡುಗೆಮನೆಯಿಂದ ಅಮ್ಮ.

ತೆಗೆಯಿರಿ, ವಾದ ಬೇಡ. ಮೂಗಿಗೆ ಬಡಿಯುತ್ತಿರುವ ಈ ಆವಿ ಹೊತ್ತಿಕೊಳ್ಳುವಂಥದ್ದು. 12 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕಿಡಿ ಸೋಕಿದರೆ ಸಾಕು. ಬೆಂಗಳೂರಿನ ಮಳೆಗಾಲದ ರಾತ್ರಿಯೂ ಅದಕ್ಕಿಂತ ಬೆಚ್ಚಗಿರುತ್ತದೆ. ಸ್ವಲ್ಪ ಹೊತ್ತಿಗೆ ಇದೇ ಮೇಜಿನ ಮೇಲೆ ಕರೆಂಟ್ ಹರಿಯಲಿದೆ.

ಬಿಸಿಲಿದ್ದಿದ್ದರೆ ಆನೆಯನ್ನು ತಾರಸಿಯ ಮೇಲಿಟ್ಟು ಬರಬಹುದಿತ್ತು. ರೆಸಿನ್ನಿಗೆ ಬೇಕಾದದ್ದು ನೇರಳೆಯ ಅಂಚಿನ ಬೆಳಕು. ಆ ಬೆಳಕು ಬಿದ್ದಾಗ ಒಳಗಿನ ಪ್ರಚೋದಕ ಅಣುಗಳು ಒಡೆಯುತ್ತವೆ, ಒಡೆದ ಚೂರುಗಳು ಅಕ್ರಿಲೇಟ್ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತವೆ, ದ್ರವ ಗಟ್ಟಿಯಾಗುತ್ತದೆ. ಮೇಲ್ಮೈಯಲ್ಲಿ ಮಾತ್ರ ಗಾಳಿಯ ಆಮ್ಲಜನಕ ನಡುವೆ ಬಂದು ಹೆಣಿಗೆಯನ್ನು ತಡೆಯುತ್ತದೆ. ನಿಮ್ಮ ಬೆರಳಿಗೆ ಅಂಟುತ್ತಿರುವುದು ಆ ಅರೆಬೆಂದ ಪದರ. ಬರಿಗೈ ತಾಗಿಸಬೇಡಿ. ಚರ್ಮ ಒಮ್ಮೆ ರೆಸಿನ್ನಿಗೆ ಮುನಿಸಿಕೊಂಡರೆ ಆಮೇಲೆ ತೊಟ್ಟು ತಾಗಿದರೂ ಕೆರೆತ, ಗುಳ್ಳೆ. ಆನೆಯನ್ನು ಕಿಟಕಿಯ ಬಳಿ ಜಾಲರಿಯ ಮೇಲೆ ಒಣಗಲು ಬಿಡಿ. ಕೈಗವಸು ಕಳಚಿ, ಸೋಪು ಹಾಕಿ ಕೈ ತೊಳೆದು ಬನ್ನಿ.

ಬಿಸಿಲಿನ ಬದಲು ಆ ಬೆಳಕು ಕೊಡುವ ಪೆಟ್ಟಿಗೆಯಾಗಲು ಮೇಜಿನ ಮೇಲೆ ಸ್ಟೀಲಿನ ಅಕ್ಕಿ ಡ್ರಮ್ಮು ಕಾಯುತ್ತಿದೆ. 28 ಸೆಂಟಿಮೀಟರ್ ಅಗಲ. ಅದರೊಳಗೆ 405 ನ್ಯಾನೋಮೀಟರಿನ ಎಲ್‌ಇಡಿ ಪಟ್ಟಿಯನ್ನು ಐದು ಉಂಗುರಗಳಾಗಿ ಅಂಟಿಸುವುದು, ನಡುವೆ ಒಂದು ತಿರುಗುವ ತಟ್ಟೆ, ಮೇಲೆ ಮುಚ್ಚಳ. ಪೆನ್ಸಿಲ್ ಹಿಡಿದು ನಕ್ಷೆಯ ಮೊದಲ ಗೆರೆ ಎಳೆಯುವ ಮುಂಚೆ ಡ್ರಮ್ಮಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ತಣ್ಣನೆಯ ಲೋಹ. ಗೋಡೆಯಿಂದ ಬರುವ 230 ವೋಲ್ಟ್ ಇದಕ್ಕೆ ಎಲ್ಲಿ ತಾಗಿದರೂ ಇಡೀ ಡ್ರಮ್ಮು 230 ವೋಲ್ಟ್ ಆಗಿಬಿಡುತ್ತದೆ. ಆದ್ದರಿಂದ ಮೊದಲು ಗಡಿ ಎಳೆಯಿರಿ. ಆ 230 ವೋಲ್ಟನ್ನು 12 ವೋಲ್ಟ್ ಡಿಸಿಗೆ ಇಳಿಸುವ ಎಸ್‌ಎಂಪಿಎಸ್ ಹೊರಗೆ, ಬೇರೆಯದೇ ಡಬ್ಬಿಯಲ್ಲಿ. ಡ್ರಮ್ಮಿನೊಳಗೆ ಹೋಗುವುದು 12 ಮಾತ್ರ. ಅಷ್ಟಾದರೂ ಒಂದು ಹಸಿರು ತಂತಿ ಎಸ್‌ಎಂಪಿಎಸ್‌ನ ಲೋಹದ ಮೈಯನ್ನು ಡ್ರಮ್ಮಿಗೂ, ಎರಡನ್ನೂ ಪ್ಲಗ್ಗಿನ ದಪ್ಪ ಪಿನ್ನಿಗೂ ಸೇರಿಸಬೇಕು. ಅದು ಅರ್ತ್. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರದ್ದೇ ಕಥೆ ಬರುತ್ತದೆ.

ಈಗ ಲೆಕ್ಕ. ಎಸ್‌ಎಂಪಿಎಸ್ ಕೊಂಡ ಎಸ್.ಪಿ. ರಸ್ತೆಯ ಆ ಕಿರಿದಾದ ಅಂಗಡಿಯಲ್ಲಿ ಕೌಂಟರಿನ ಆಚೆಯಿಂದ ಬಂದ ಪ್ರಶ್ನೆ ನೆನಪಿದೆ ತಾನೆ? "ಎಷ್ಟು ಆಂಪ್ಸ್ ಅಂತ ಲೆಕ್ಕ ಹಾಕ್ಕೊಂಡ್ ಬಂದಿದೀರಾ, ಇಲ್ಲ ಸುಮ್ನೆ ದೊಡ್ಡದೊಂದು ಕೊಟ್ಬಿಡ್ಲಾ?" ನಿಮ್ಮ ಜೇಬಿನಲ್ಲಿ ಚೀಟಿ ಇತ್ತು. ಪಟ್ಟಿಗೆ ಮೀಟರಿಗೆ 60 ಎಲ್‌ಇಡಿ, 14.4 ವ್ಯಾಟ್. ಐದೈದು ಸೆಂಟಿಮೀಟರಿಗೆ ಕತ್ತರಿ ಗುರುತು, ಗುರುತುಗಳ ನಡುವೆ ಮೂರು ಎಲ್‌ಇಡಿ ಮತ್ತು ಅವನ್ನು ಕಾಯುವ ಒಂದು ರೆಸಿಸ್ಟರ್. ಒಂದು ಉಂಗುರಕ್ಕೆ 85 ಸೆಂಟಿಮೀಟರ್, ಐದಕ್ಕೆ ನಾಲ್ಕೂಕಾಲು ಮೀಟರ್. ಒಟ್ಟು 61 ವ್ಯಾಟ್. 12ರಿಂದ ಭಾಗಿಸಿದರೆ 5.1 ಆಂಪ್.

5 ಆಂಪಿನದ್ದು ಅಗ್ಗ, ಕೈಗೂ ಹಗುರ. 5.1ಕ್ಕೆ 5 ಸಾಕಲ್ಲ ಎಂದು ಮನಸ್ಸು ಚೌಕಾಸಿ ಮಾಡುತ್ತದೆ. ಸಾಲದು. ತಾಳಿಕೆಯ ಕೊನೆಯ ಅಂಚಿನಲ್ಲೇ ದುಡಿಯುವ ಎಸ್‌ಎಂಪಿಎಸ್ ಕುದಿಯುತ್ತದೆ, ಒಳಗಿನ ಕೆಪಾಸಿಟರುಗಳು ಬೇಗ ಒಣಗುತ್ತವೆ. ಬರೆದಿರುವುದರಲ್ಲಿ ನೂರಕ್ಕೆ 80ರಷ್ಟು ಮಾತ್ರ ಬಳಸಬೇಕೆಂಬುದು ರೂಢಿಯ ನಿಯಮ. ಆ ಲೆಕ್ಕಕ್ಕೆ 6.4 ಆಂಪ್ ಬೇಕು. ಹಾಗೆಂದೇ ಈಗ ಮೇಜಿನ ಮೇಲೆ 10 ಆಂಪಿನದ್ದು ಕೂತಿದೆ, ತೂತು ತೂತಿನ ಅಲ್ಯುಮಿನಿಯಂ ಮೈ, ಒಂದು ಬದಿಗೆ ಸ್ಕ್ರೂಗಳ ಸಾಲು.

ಆದರೆ ದೊಡ್ಡದನ್ನು ಮನೆಗೆ ತಂದರೆ ದೊಡ್ಡ ಅಪಾಯವೂ ಜೊತೆಗೆ ಬರುತ್ತದೆ. ಉಂಗುರ ಕೇಳುವುದು ಒಂದೇ ಆಂಪ್, ಎಸ್‌ಎಂಪಿಎಸ್ ಕೊಡಬಲ್ಲದ್ದು ಹತ್ತು. ಒಂದು ಉಂಗುರದ ಎರಡು ತಂತಿ ಒಂದಕ್ಕೊಂದು ತಾಗಿದವೆನ್ನಿ. ಮುಖ್ಯ ದಾರಿಯಲ್ಲಿ ನೀವು 7.5 ಆಂಪಿನ ಫ್ಯೂಸ್ ಹಾಕಿದ್ದರೆ, 10 ಆಂಪಿಗೆ ಅದು ತಕ್ಷಣ ಕರಗುವುದಿಲ್ಲ. ಅದು ಯೋಚಿಸುತ್ತ ಕೂತಿರುವಾಗ ಕೂದಲೆಳೆ ತಂತಿ ಕೆಂಪಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಕಹಿ ಹೊಗೆಯ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಐದು ಉಂಗುರಕ್ಕೆ ಐದು ಪುಟ್ಟ ಗಾಜಿನ ಫ್ಯೂಸ್, ಒಂದೊಂದು 2 ಆಂಪಿನದ್ದು. ಹತ್ತು ನುಗ್ಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತದೆ. ಸುಟ್ಟದ್ದು ಯಾವುದೆಂದು ನೋಡಿದರೆ ಕೆಟ್ಟ ಉಂಗುರ ಯಾವುದೆಂದೂ ತಿಳಿಯುತ್ತದೆ.

ಮುಖ್ಯ ತಂತಿ ಯಾವುದು? ಡಬ್ಬಿಯಲ್ಲಿ ಅರ್ಧ ಸ್ಕ್ವೇರ್ ಮಿಲಿಮೀಟರಿನ ತಂತಿಯ ಸುರುಳಿ ಉಳಿದಿದೆ, ಬಳಸಲು ಕೈ ತುರಿಸುತ್ತದೆ. ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್, 5.1 ಆಂಪ್ ಹರಿದರೆ ದಾರಿಯಲ್ಲೇ 0.35 ವೋಲ್ಟ್ ಕಳೆದುಹೋಗುತ್ತದೆ. ಹನ್ನೆರಡರಲ್ಲಿ ಅದು ಚಿಲ್ಲರೆ ಅನಿಸಬಹುದು. ಆದರೆ ಮೂರು ಎಲ್‌ಇಡಿಗಳೇ ಹತ್ತು ವೋಲ್ಟಿನಷ್ಟು ತಿಂದು ರೆಸಿಸ್ಟರಿಗೆ ಉಳಿಸುವುದು ಬರೀ ಎರಡು ವೋಲ್ಟ್. ಆ ಎರಡರಲ್ಲಿ 0.35 ಹೋದರೆ ಬೆಳಕಿನಲ್ಲಿ ಸುಮಾರು ಆರನೇ ಒಂದು ಪಾಲು ಹೋಯಿತು. ಒಂದೂವರೆ ಸ್ಕ್ವೇರಿನ ತಂತಿಯಲ್ಲಿ ನಷ್ಟ ಮೂರನೇ ಒಂದಕ್ಕೆ ಇಳಿಯುತ್ತದೆ. ಜೊತೆಗೆ ಎಸ್‌ಎಂಪಿಎಸ್ ತನ್ನ ಹತ್ತು ಆಂಪನ್ನೂ ಸುರಿದರೂ ಆ ತಂತಿ ಬಿಸಿಯೇರಿ ಕರಗುವುದಿಲ್ಲ. ಅರ್ಧ ಸ್ಕ್ವೇರನ್ನು ಉಂಗುರಗಳಿಗೆ ಇಟ್ಟುಕೊಳ್ಳಿ. ಪ್ರತಿ ಉಂಗುರಕ್ಕೂ ಎರಡು ತುದಿಯಿಂದ ಕರೆಂಟ್ ಕೊಡಿ. ಇಲ್ಲದಿದ್ದರೆ ಬಾಲದ ಕಡೆಯ ಎಲ್‌ಇಡಿಗಳು ಮಂಕಾಗುತ್ತವೆ.

ಸಾಲ್ಡರಿಂಗ್ ಐರನ್ ಕಾದಿದೆ. ಬೆಸುಗೆ ಕರಗುವಾಗ ರಾಳದ ಹೊಗೆ ಕಣ್ಣಿಗೆ ಅಡರುತ್ತದೆ, ತಲೆ ಪಕ್ಕಕ್ಕೆ ಸರಿಸಿ. ಡ್ರಮ್ಮಿನ ಒಳಮೈಗೆ ಅಲ್ಯುಮಿನಿಯಂ ಹಾಳೆ ಹಚ್ಚಿದ್ದೀರಿ. ಸ್ಟೀಲಿಗಿಂತ ಅದು ಈ ಬೆಳಕನ್ನು ಚೆನ್ನಾಗಿ ತಿರುಗಿಸಿ ಕಳಿಸುತ್ತದೆ. ಆದರೆ ಅದೂ ಲೋಹ. ಕತ್ತರಿಸಿದ ಪಟ್ಟಿಯ ತುದಿಯಲ್ಲಿ ಪ್ಲಸ್ ಮತ್ತು ಮೈನಸ್ಸಿನ ತಾಮ್ರದ ಗುಂಡಿಗಳು ಅಕ್ಕಪಕ್ಕ ಬರಿಮೈಯಲ್ಲಿವೆ. ಹಾಳೆಯ ಒಂದು ಸುಕ್ಕು ಎದ್ದು ಎರಡನ್ನೂ ಮುಟ್ಟಿದರೆ ಮುಗಿಯಿತು. ಪ್ರತಿ ತುದಿಗೂ ಹೀಟ್‌ಶ್ರಿಂಕ್ ತೊಡಿಸಿ, ಸಿಲಿಕೋನ್ ಬಳಿಯಿರಿ. ಮಲ್ಟಿಮೀಟರಿನ ಒಂದು ಮೊನೆ ಹಾಳೆಯ ಮೇಲೆ, ಇನ್ನೊಂದು ಪಟ್ಟಿಯ ಮೇಲೆ ಇಡಿ. ಕಿವಿಗೊಡಿ. ಬೀಪ್ ಕೇಳಬಾರದು. ಕೇಳುತ್ತಿಲ್ಲ.

ತಟ್ಟೆ ತಿರುಗಿಸುವ ಮೋಟರ್ ಎಲ್ಲಿ? ಡ್ರಮ್ಮಿನ ತಳದಲ್ಲಿ ಅಂದಿರಿ. ಒಂದು ಕ್ಷಣ ನಿಲ್ಲಿ. ಆಲ್ಕೋಹಾಲಿನ ಆವಿ ಗಾಳಿಗಿಂತ ಭಾರ, ಅದು ಇಳಿದು ಕೂರುವುದು ತಳದಲ್ಲೇ. 12 ವೋಲ್ಟಿನ ಅಗ್ಗದ ಗಿಯರ್ ಮೋಟರಿನೊಳಗೆ ಬ್ರಷ್ ಇದೆ. ತಿರುಗಿದಷ್ಟು ಹೊತ್ತೂ ಅದು ಸಣ್ಣಗೆ ಕಿಡಿ ಉದುರಿಸುತ್ತಿರುತ್ತದೆ. ಸರಿಯಾಗಿ ಒಣಗದ ಗೊಂಬೆ, ಮುಚ್ಚಿದ ಡ್ರಮ್ಮು, ತಳದಲ್ಲಿ ಕಿಡಿ. ಬೆನ್ನು ತಣ್ಣಗಾಯಿತೇ? ಮೋಟರ್ ಡ್ರಮ್ಮಿನ ಕೆಳಗೆ, ಹೊರಗೆ ಇರಲಿ; ತಳದ ತೂತಿನಿಂದ ಅದರ ಕಡ್ಡಿ ಮಾತ್ರ ಒಳಗೆ, ಸುತ್ತ ರಬ್ಬರ್ ವಾಶರ್. ಆಗಲೂ ಹಸಿ ಗೊಂಬೆಗೆ ಒಳಗೆ ಪ್ರವೇಶವಿಲ್ಲ.

ಇನ್ನು ಮುಚ್ಚಳ. ಇಡೀ ನಕ್ಷೆಯ ಭಾರ ಬಿದ್ದಿರುವುದು ಇದರ ಮೇಲೆಯೇ. 405 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ಕಂಡರೂ ತೀರಾ ಮಂಕಾಗಿ ಕಾಣುತ್ತದೆ. ಹಸಿರಿಗೆ ನಮ್ಮ ಕಣ್ಣು ಸ್ಪಂದಿಸುವುದರಲ್ಲಿ ಸಾವಿರದ ಒಂದು ಪಾಲೂ ಇದಕ್ಕೆ ಸ್ಪಂದಿಸುವುದಿಲ್ಲ. ಹೀಗಾಗಿ 'ಅಷ್ಟೇನೂ ಪ್ರಖರವಿಲ್ಲ' ಎಂದು ನೀವು ಬಗ್ಗಿ ನೋಡುತ್ತಲೇ ಇರುತ್ತೀರಿ, ಅಕ್ಷಿಪಟಲ ಪೆಟ್ಟು ತಿನ್ನುತ್ತಲೇ ಇರುತ್ತದೆ. ನೇರಳೆಯಾಚೆ ಕಾಣದ ಕಿರಣವಿದೆ ಎಂದು 1801ರಲ್ಲಿ ಜೊಹಾನ್ ರಿಟ್ಟರ್ ಪತ್ತೆ ಮಾಡಿದ್ದೂ ಕಣ್ಣಿನಿಂದಲ್ಲ. ಬೆಳಕಿಗೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ಅವರಿಗೆ ಅದನ್ನು ತೋರಿಸಿಕೊಟ್ಟಿತು. ಅಮೆರಿಕದಲ್ಲಿ ಚಕ್ ಹಲ್ 1983ರಲ್ಲಿ ಇಂಥ ಬೆಳಕಿನಿಂದ ದ್ರವವನ್ನು ಪದರಪದರವಾಗಿ ಗಟ್ಟಿಮಾಡಿ ಮೊದಲ ವಸ್ತು ತಯಾರಿಸಿದಾಗ, ಹೊರಬಂದದ್ದು ಕಣ್ಣು ತೊಳೆಯುವ ಪುಟ್ಟ ಬಟ್ಟಲು. ನಿಮ್ಮ ಪ್ರಿಂಟರಿನ ವಂಶ ಅಲ್ಲಿಂದಲೇ ಶುರು. ಕಿತ್ತಳೆ ಗಾಜಿನ ಕನ್ನಡಕ ತೊಟ್ಟುಕೊಳ್ಳಿ. ಬಿಳಿಯದ್ದು 405ನ್ನು ತಡೆಯುವುದಿಲ್ಲ.

ಕನ್ನಡಕ ಮರೆತ ದಿನಕ್ಕೆ ಮುಚ್ಚಳವೇ ಕಾವಲು. ತೆರೆದ ಕ್ಷಣ ಬೆಳಕು ಆರಬೇಕು. ಅಂಚಿಗೆ ಮೈಕ್ರೋಸ್ವಿಚ್ ಕೂರಿಸಿದ್ದೀರಿ. ಅದರ ಬೆನ್ನ ಮೇಲೆ '15 ಆಂಪ್, 250 ವೋಲ್ಟ್' ಎಂದಿದೆ. ನಂಬಿಬಿಡಬೇಡಿ, ಆ ಅಂಕಿ ಎಸಿಗೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಸಾಯುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಸ್ವಿಚ್ಚು ತೆರೆದಾಗಲೆಲ್ಲ ಕಿಡಿ ಎಳೆದುಕೊಂಡು ಸಂಪರ್ಕದ ಬಿಂದುಗಳನ್ನು ತಿನ್ನುತ್ತದೆ. ಹಾಗಾಗಿ ಐದು ಆಂಪಿನ ಹೊರೆ ಸ್ವಿಚ್ಚಿಗೆ ಬೇಡ. ಅದು ಒಂದು ರಿಲೇಯ ಸುರುಳಿಯನ್ನು ಮಾತ್ರ ಆಳಲಿ, 30 ಮಿಲಿಆಂಪಿನ ಕೆಲಸ. ಹೊರೆ ಹೊರುವುದು ರಿಲೇ, ಅದು ಹೊರಗಿನ ಡಬ್ಬಿಯಲ್ಲಿ. ಹೊತ್ತು ಎಣಿಸಿ ಬೆಳಕು ಆರಿಸುವ ಟೈಮರಿಗೆ ಬೇರೆಯೇ ಒಂದು ಎಲೆಕ್ಟ್ರಾನಿಕ್ ಸ್ವಿಚ್ಚು, ಮಾಸ್ಫೆಟ್. ಮಾಸ್ಫೆಟ್ ಕೆಟ್ಟರೆ ಅನೇಕ ಸಲ ಶಾರ್ಟ್ ಆಗಿಯೇ ಕೆಡುತ್ತದೆ, ರಿಲೇಯ ಬಿಂದುಗಳು ಕೆಲವೊಮ್ಮೆ ಬೆಸೆದುಕೊಳ್ಳುತ್ತವೆ. ಎರಡೂ ಒಂದೇ ದಿನ ಕೈಕೊಡುವುದು ಅಪರೂಪ. ಮುಚ್ಚಳ ಮುಚ್ಚಿದರೆ ಮಾತ್ರ ಸ್ವಿಚ್ಚು ಕೂಡಬೇಕು; ತಂತಿ ಕಡಿದರೂ, ಇಲಿ ಕಚ್ಚಿದರೂ, ಬೆಸುಗೆ ಬಿಟ್ಟರೂ ಫಲ ಕತ್ತಲೆಯೇ ಆಗಬೇಕು.

ಪೆನ್ಸಿಲ್ ಕೆಳಗಿಡುವಷ್ಟರಲ್ಲಿ ಫ್ಯಾನು ನಿಧಾನವಾಗುತ್ತದೆ. ದೀಪ ಹೋಯಿತು.

"ಕರೆಂಟ್ ಹೋಯ್ತಾ? ಫೋನಿನ ಟಾರ್ಚ್ ಹಾಕು!"

ಹಾಕಬೇಡಿ, ಒಂದು ನಿಮಿಷ ಕತ್ತಲಲ್ಲೇ ಯೋಚಿಸಿ. ಪೆಟ್ಟಿಗೆ ಕೆಲಸ ಮಾಡುವಾಗ ಹೀಗೆ ಹೋಯಿತು, ನೀವು ಎದ್ದು ಊಟಕ್ಕೆ ಹೋದಿರಿ. ಅರ್ಧ ಗಂಟೆಯ ಮೇಲೆ ಕರೆಂಟ್ ಬರುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ 61 ವ್ಯಾಟ್ ತಾನಾಗಿ ಹೊತ್ತಿಕೊಳ್ಳಬಹುದೇ? ಕೂಡದು. ಟಾರ್ಚ್ ಹಾಕಿ ಟೈಮರಿನ ಸೆಟ್ಟಿಂಗ್ ಬದಲಿಸಿ: ಪ್ರತಿ ಸಲವೂ ಯಾರಾದರೂ ಸ್ಟಾರ್ಟ್ ಗುಂಡಿ ಒತ್ತಿದರೆ ಮಾತ್ರ.

ಕರೆಂಟ್ ಬಂತು. ಇನ್ನು ಮೊದಲ ಪರೀಕ್ಷೆ. ಎಲೆಕ್ಟ್ರಿಷಿಯನ್ನರು ಇಟ್ಟುಕೊಳ್ಳುವ ಸೀರೀಸ್ ಬಲ್ಬಿನ ಹಲಗೆ ತನ್ನಿ: 100 ವ್ಯಾಟಿನ ಹಳೆಯ ತಂತಿ ಬಲ್ಬು, ಅದನ್ನು ಹಾದೇ ಕರೆಂಟ್ ಮುಂದೆ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಧಗಧಗ ಉರಿಯುತ್ತದೆ, ಉಳಿದದ್ದು ಬಚಾವ್. ಪಟ್ಟಿಗಳ ತಂತಿ ಬಿಡಿಸಿ ಬರೀ ಎಸ್‌ಎಂಪಿಎಸ್ ಸೇರಿಸಿ. ಉಸಿರು ಹಿಡಿಯಿರಿ. ಸ್ವಿಚ್.

ಬಲ್ಬು ಒಮ್ಮೆ ಮಿಂಚಿ ಆರುತ್ತದೆ. ಕೆಪಾಸಿಟರುಗಳು ತುಂಬಿಕೊಂಡವು, ಅಷ್ಟೇ. ಪುಟ್ಟ ಹಸಿರು ದೀಪ ಹತ್ತಿದೆ. ಮಲ್ಟಿಮೀಟರ್ ಹೇಳುತ್ತದೆ: 12.1.

ಬಲ್ಬು ತೆಗೆದು ನೇರ ಸಾಕೆಟ್ಟಿಗೆ ಹಾಕುತ್ತೀರಿ. ಬರಿಗಾಲು, ಮಳೆಗೆ ತೇವ ಹಿಡಿದ ಮೊಸಾಯಿಕ್ ನೆಲ. ಸ್ವಿಚ್ ಹಾಕಿ, ಪಟ್ಟಿಯ ಕನೆಕ್ಟರ್ ಎತ್ತಿಕೊಳ್ಳಲು ಕೈ ಚಾಚುತ್ತೀರಿ. ಮಣಿಕಟ್ಟಿನ ಒಳಭಾಗ ಡ್ರಮ್ಮಿನ ಅಂಚಿಗೆ ಸವರುತ್ತದೆ.

ಜುಮ್ಮ್.

ಚರ್ಮದಡಿಯಲ್ಲಿ ಇರುವೆ ಸಾಲು ಹರಿದಂತೆ. ಕೈ ಹಿಂದಕ್ಕೆ. ಎದೆ ಹೊಡೆದುಕೊಳ್ಳುತ್ತದೆ. ಭ್ರಮೆಯೇ? ಮತ್ತೆ ಮುಟ್ಟಿ ನೋಡಬೇಡಿ! ಟೆಸ್ಟರ್ ತೆಗೆದುಕೊಳ್ಳಿ. ಮೊನೆ ಡ್ರಮ್ಮಿಗೆ, ಹೆಬ್ಬೆರಳು ಹಿಂದಿನ ಟೊಪ್ಪಿಗೆ. ಒಳಗಿನ ಕೆಂಪು ದೀಪ ಮಿಣುಕುತ್ತದೆ. ಬರೀ 12 ವೋಲ್ಟ್ ಒಳಗಿರುವ, ಅರ್ತ್ ಮಾಡಿದ ಡ್ರಮ್ಮು ಟೆಸ್ಟರಿನ ದೀಪ ಹೊತ್ತಿಸುತ್ತಿದೆ.

ಸ್ವಿಚ್ ಆಫ್. ಪ್ಲಗ್ ಕೀಳಿ. ಚಪ್ಪಲಿ ಹಾಕಿಕೊಳ್ಳಿ.

ಗೋಡೆಯ ಸಾಕೆಟ್ಟನ್ನೇ ಅಳೆಯಿರಿ, ಬೆರಳು ಮೊನೆಯ ತಡೆಯಿಂದ ಹಿಂದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 228. ಫೇಸ್ ಮತ್ತು ಅರ್ತ್ ನಡುವೆಯೂ ಹತ್ತಿರಹತ್ತಿರ ಅಷ್ಟೇ ಬರಬೇಕು. 61. ಈಗ 54. ಈಗ 70. ಅಂಕಿ ನಿಲ್ಲದೆ ಅಲೆಯುತ್ತಿದೆ. ಅಂದರೆ ಆ ದಪ್ಪ ಪಿನ್ನಿನ ತೂತಿನ ಹಿಂದೆ ಏನೂ ಇಲ್ಲ.

ಈಗ ಬಿಡಿಸಿ ನೋಡೋಣ. ಎಸ್‌ಎಂಪಿಎಸ್‌ನೊಳಗೆ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳಿವೆ, ಅವು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಮೈಗೆ ಜೋಡಿಸಿರುತ್ತವೆ. ಅರ್ತ್ ಇದ್ದರೆ ಅವುಗಳ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ, 110ರ ಆಸುಪಾಸಿನಲ್ಲಿ ತೇಲುತ್ತದೆ. ಡ್ರಮ್ಮಿನ ರಕ್ಷಣೆಗೆಂದು ನೀವೇ ಹಾಕಿದ ಹಸಿರು ತಂತಿ ಅದನ್ನು ಡ್ರಮ್ಮಿಗೆ ತಲುಪಿಸಿದೆ. ಸೋರಿಕೆ ಒಂದು ಮಿಲಿಆಂಪಿಗೂ ಕಡಿಮೆ, ಅದು ಕೊಲ್ಲುವುದಿಲ್ಲ. ಆದರೆ ಅದು ತಂದ ಸುದ್ದಿ ಕೇಳಿ: ನಾಳೆ ಫೇಸ್ ತಂತಿಯೇ ಸಡಿಲಗೊಂಡು ಡಬ್ಬಿಗೆ ತಾಗಿದರೆ, ಅದನ್ನು ನೆಲಕ್ಕೆ ಎಳೆಯುವ ದಾರಿ ನಿಮ್ಮ ಮೈ ಒಂದೇ. 10 ಮಿಲಿಆಂಪ್ ದಾಟಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದೂ ನಿಮ್ಮ ವಶದಲ್ಲಿರುವುದಿಲ್ಲ.

ಈ ಹೊತ್ತಿನಲ್ಲಿ ಎರಡು ಆಸೆ ಹುಟ್ಟುತ್ತವೆ. ಒಂದು, ಹಸಿರು ತಂತಿ ಕಿತ್ತುಬಿಡುವುದು. ಜುಮ್ಮೆನ್ನುವುದು ನಿಲ್ಲುತ್ತದೆ. ನಿಂತದ್ದು ಸುದ್ದಿ, ಅಪಾಯವಲ್ಲ. ಇನ್ನೊಂದು, ಅಡುಗೆಮನೆಯ ಮಿಕ್ಸಿ ಸಾಕೆಟ್ಟಿನಿಂದ ಎಕ್ಸ್‌ಟೆನ್ಶನ್ ಎಳೆಯುವುದು. ಅಲ್ಲಿ ಅರ್ತ್ ಸರಿಯಿದೆ, ಅಳೆದಿರಿ. ಆದರೆ ಕೈಯಲ್ಲಿರುವ ಎಕ್ಸ್‌ಟೆನ್ಶನ್ನಿನ ಕೇಬಲ್ಲಿನಲ್ಲಿ ಎರಡೇ ಎಳೆ. ಮೂರನೇ ತೂತು ಬರೀ ಅಲಂಕಾರ. ಹಬ್ಬ ಹತ್ತಿರ ಬಂದಿದೆ, ಆನೆ ಅಂಟಂಟಾಗಿ ಕಾಯುತ್ತಿದೆ, ಕೈಯಲ್ಲಿ ಎಲ್ಲ ಸಿದ್ಧವಿದೆ. ಆದರೂ ನಿಲ್ಲಿಸಿ. ಆನೆಯ ಮೇಲೆ ಒಂದು ರಟ್ಟಿನ ಡಬ್ಬ ಮುಚ್ಚಿ ಮಲಗಿ.

ಬೆಳಿಗ್ಗೆ ಎಲೆಕ್ಟ್ರಿಷಿಯನ್ ಅಣ್ಣ ಮೇನ್ ಆಫ್ ಮಾಡಿ ಸಾಕೆಟ್ಟಿನ ತಟ್ಟೆ ಬಿಚ್ಚುತ್ತಾರೆ. ಗಾರೆಯ ಪುಡಿ ಉದುರುತ್ತದೆ. "ನೋಡಿ ಇಲ್ಲಿ, ಅರ್ತ್ ವೈರನ್ನ ಹಿಂದೆ ಮಡಚಿ ಬಿಟ್ಬಿಟ್ಟಿದಾರೆ. ಪಿನ್ ಇದೆ, ಕನೆಕ್ಷನ್ನೇ ಇಲ್ಲ." ಹಸಿರು ಹಿಡಿದ ತಾಮ್ರವನ್ನು ಕೆರೆದು, ಸ್ಕ್ರೂ ಬಿಗಿದು, ಮೇನ್ ಹಾಕುತ್ತಾರೆ. ಆಮೇಲೆ ಟೆಸ್ಟ್ ಬಲ್ಬಿನ ಒಂದು ತಂತಿ ಫೇಸಿಗೆ, ಇನ್ನೊಂದು ಅರ್ತಿಗೆ. ಬಲ್ಬು ಪೂರ್ತಿ ಉರಿಯುವ ಮೊದಲೇ ಬಾಗಿಲ ಬಳಿ ಟಕ್! ಮನೆಯ ಫ್ಯಾನುಗಳೆಲ್ಲ ನಿಲ್ಲುತ್ತವೆ. ನೆಲಕ್ಕೆ ಸೋರಿಕೆ ಕಂಡರೆ ಕರೆಂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಬಿದ್ದಿದೆ. "ಬಿತ್ತಲ್ಲ, ಎರಡೂ ಸರಿಯಿದೆ," ಎಂದು ನಗುತ್ತಾರೆ. ಇನ್ನು ಫೇಸ್ ಡಬ್ಬಿಗೆ ತಾಗಿದರೆ ನೀವು ಮುಟ್ಟುವವರೆಗೆ ಆರ್‌ಸಿಸಿಬಿ ಕಾಯುವುದಿಲ್ಲ.

ಈಗ ಕನ್ನಡಕ. ಮುಚ್ಚಳ. ಡ್ರಮ್ಮಿಗೆ ಟೆಸ್ಟರ್: ದೀಪ ಸತ್ತಿದೆ. ಕೋಣೆಯ ಪರದೆ ಎಳೆದು ಸ್ಟಾರ್ಟ್ ಒತ್ತಿ. ರಿಲೇ ಕ್ಲಿಕ್ ಎನ್ನುತ್ತದೆ, ತಳದಿಂದ ಮೋಟರಿನ ಗುರುಗುರು. ಮುಚ್ಚಳದ ಅಂಚಿನಲ್ಲಿ ಒಂದು ಕಡೆ ನೇರಳೆ ಗೆರೆ ಸೋರುತ್ತಿದೆ, ಅದರೆದುರು ನಿಮ್ಮ ಬಿಳಿ ಅಂಗಿಯ ತೋಳು ನೀಲಿಯಾಗಿ ಹೊಳೆಯುತ್ತದೆ. ಸೋಪಿನ ಪುಡಿ ಬಟ್ಟೆಯಲ್ಲಿ ಬಿಟ್ಟುಹೋದ ಹೊಳಪು ಅದು. ತೋಳನ್ನೇ ಮೀಟರು ಮಾಡಿಕೊಂಡು ಸುತ್ತ ಹುಡುಕಿ, ಸೋರುವಲ್ಲಿ ಕಪ್ಪು ಫೋಮ್ ಅಂಟಿಸಿ.

ಗೊಂಬೆ ಇನ್ನೂ ಒಳಗೆ ಹೋಗುವಂತಿಲ್ಲ. ಮೊದಲು ನೀವೇ ಈ ಪೆಟ್ಟಿಗೆಯನ್ನು ಕೆಡಿಸಿ. ಓಡುವಾಗ ಮುಚ್ಚಳ ಎತ್ತಿ: ಕತ್ತಲು. ಸ್ವಿಚ್ಚಿನ ತಂತಿ ಕಿತ್ತು ಮುಚ್ಚಳ ಮುಚ್ಚಿ, ಸ್ಟಾರ್ಟ್ ಒತ್ತಿ: ಕತ್ತಲು. ತಂತಿ ಮತ್ತೆ ಜೋಡಿಸಿ, ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ: ಕತ್ತಲು. ಒಂದು ಫ್ಯೂಸ್ ತೆಗೆದರೆ ಒಂದೇ ಉಂಗುರ ಆರುತ್ತದೆ. ಹತ್ತು ನಿಮಿಷ ಬಿಟ್ಟು, ಪ್ಲಗ್ ಕಿತ್ತು, ಪ್ರತಿ ಬೆಸುಗೆ ಮತ್ತು ಸ್ಕ್ರೂವನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಒಂದೇ ಒಂದು ಸ್ಕ್ರೂ ಸುಡುತ್ತಿದ್ದರೆ ಅದು ಸಡಿಲವಾಗಿದೆ, ಬಿಗಿಯಿರಿ.

ಈಗ ಆನೆ, ಪೂರ್ತಿ ಒಣಗಿದ ಆನೆ, ತಟ್ಟೆಯ ಮೇಲೆ. ಮೂರು ನಿಮಿಷ. ತಿರುವಿ ಹಾಕಿ ಇನ್ನೊಂದು ಮೂರು. ಕೈಗವಸಿನ ಬೆರಳು ಈಗ ಜಾರುತ್ತದೆ, ಅಂಟುವುದಿಲ್ಲ. ಉಗುರಿನಿಂದ ತಟ್ಟಿದರೆ ಗಟ್ಟಿ ಸದ್ದು.

"ಮುಗೀತಾ ನಿನ್ ಕೆಲ್ಸ?" ಅಮ್ಮ ಬಾಗಿಲಲ್ಲಿ.

ಇನ್ನೊಂದು ಬಾಕಿ. ಪೆನ್ಸಿಲ್ ನಕ್ಷೆಯನ್ನು ಶಾಯಿಯಲ್ಲಿ ತಿದ್ದಿ ಎಸ್‌ಎಂಪಿಎಸ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ: ಯಾವ ತಂತಿ ಯಾವ ಬಣ್ಣ, ಯಾವ ಫ್ಯೂಸ್ ಯಾವ ಉಂಗುರಕ್ಕೆ. ಪಕ್ಕದಲ್ಲಿ ದಪ್ಪಕ್ಷರದಲ್ಲಿ, 'ಫ್ಯೂಸ್ 2 ಆಂಪ್ ಮಾತ್ರ' ಎಂದು ಬರೆದು ನಾಲ್ಕು ಹೊಸ ಫ್ಯೂಸ್ ಟೇಪಿನಲ್ಲಿ ಅಂಟಿಸಿಡಿ. ಮುಂದಿನ ಸಲ ಇದನ್ನು ಬಿಚ್ಚುವ ಕೈ ನಿಮ್ಮದೇ ಆಗಿರಬೇಕೆಂದಿಲ್ಲ. ಕೈಗೆ ಸಿಗುವಲ್ಲಿ ಸರಿಯಾದ ಫ್ಯೂಸ್ ಇದ್ದರೆ, ಆ ಕೈ ತಂತಿ ಚೂರಿನಿಂದ ಜೋಡಿಸಲು ಹೋಗುವುದಿಲ್ಲ.